ತೊಳೆಯಬಾರದ ಲೋಟಗಳು

ಮಗನ ಹಾಸ್ಟೆಲ್ ರೂಮಿನ ಕಿಟಕಿಯಲ್ಲಿ ಆ ಲೋಟಗಳು ಸಾಲಾಗಿ ನಿಂತಿರದಿದ್ದರೆ ಆರೋಗ್ಯ ನಿರೀಕ್ಷಕರ ಶನಿವಾರ ಸುಖವಾಗಿಯೇ ಕಳೆದುಹೋಗುತ್ತಿತ್ತು. ಒಂದೊಂದರ ತಳದಲ್ಲೂ ಯಾವುದೋ ಕಾಲದ ಕಾಫಿ; ಅದರ ಮೇಲೆ ಹಸಿರು, ಬಿಳಿ, ಕಪ್ಪು ಬೂಷ್ಟು ಕಂಬಳಿ ಹೊದಿಸಿತ್ತು.

ನಗರಸಭೆಯ ಪರವಾಗಿ ಹೋಟೆಲುಗಳ ಅಡುಗೆಮನೆ ತಪಾಸಣೆ ಮಾಡಿ, ಗಲೀಜು ಕಂಡಲ್ಲಿ ಬೀಗ ಜಡಿಸಿ ಹೆಸರು ಮಾಡಿದ್ದ ಮನುಷ್ಯ ಅವರು. ಅವರ ಸ್ಕೂಟರಿನ ಸದ್ದು ಕೇಳಿದರೆ ಅಡುಗೆಯವರ ಕೈಗೆ ತಾನಾಗಿ ಸೋಪು ಬರುತ್ತಿತ್ತು.

“ಲ್ಯಾಬ್ ಮುಗಿಸ್ಕೊಂಡು ಬಂದ್ಬಿಡ್ತೀನಪ್ಪಾ, ನೀವು ಒಂದು ನಿದ್ದೆ ಮಾಡಿ” ಎಂದು ಮಗರಾಯ ಹೇಳಿ ಹೋಗಿದ್ದ. ನಿದ್ದೆ ಎಲ್ಲಿಂದ ಬರಬೇಕು? ನಿರೀಕ್ಷಕರ ಕೈ ತುರಿಸಿತು. ಪ್ಯಾಂಟು ಮೊಣಕಾಲಿಗೇರಿಸಿ, ಲೋಟಗಳನ್ನು ಬಚ್ಚಲಿಗೆ ಒಯ್ದು, ಮುಖ ಕಾಣುವಂತೆ ಬೆಳಗಿಟ್ಟರು. ಅಷ್ಟರಲ್ಲಿ ಮಗನ ರೂಮ್‌ಮೇಟ್, ಗುಂಗುರು ಕೂದಲಿನ ಹುಡುಗ, ಒಳಗೆ ಬಂದ.

“ಅಯ್ಯೋ ಅಂಕಲ್! ಲೋಟ ತೊಳೆದ್ಬಿಟ್ರಾ?”

“ಇನ್ನೇನು, ಮ್ಯೂಸಿಯಮ್ಮಿಗೆ ಕಳಿಸ್ಬೇಕಿತ್ತಾ?”

“ಅದು ಅವನ ಪ್ರಾಜೆಕ್ಟು ಅಂಕಲ್! ಬೂಷ್ಟಿನ ಮೇಲೆ ಸಂಶೋಧನೆ. ಮಾರ್ಕ್ಸೆಲ್ಲ ಅದಕ್ಕೇ ಅಂತೆ. ಅದಕ್ಕೇ ನಾವ್ಯಾರೂ ಆ ಕಡೆ ಸುಳೀತಾನೇ ಇರ್ಲಿಲ್ಲ.”

ಮಗ ಹೋದ ವರ್ಷವೇ ಡುಮ್ಕಿ ಹೊಡೆದಿದ್ದ. ಈ ಸಲವೂ ಮುಗ್ಗರಿಸಿದರೆ ಗಂಟುಮೂಟೆ ಕಟ್ಟಿಕೊಂಡು ಮನೆಗೆ ಬರಬೇಕಾಗಿತ್ತು. ಅವನ ಓದನ್ನು ನಾನೇ ಸೋಪು ಹಾಕಿ ತೊಳೆದೆನಲ್ಲ ಎಂದು ನಿರೀಕ್ಷಕರಿಗೆ ಅಳುವೇ ಬಂತು.

ಸುದ್ದಿ ಹಬ್ಬಿ ಅಕ್ಕಪಕ್ಕದ ರೂಮಿನವರೆಲ್ಲ ಬಾಗಿಲಲ್ಲಿ ನೆರೆದರು. ತಲೆಗೊಂದು ಸಲಹೆ ಬಂತು. ಕೊನೆಗೆ ಎದುರು ರೂಮಿನ ಉದ್ದನೆಯ ಹುಡುಗ, “ತಲೆ ಕೆಡಿಸ್ಕೋಬೇಡಿ ಅಂಕಲ್. ನಮ್ಮ ಹಾಸ್ಟೆಲಲ್ಲಿ ಬೂಷ್ಟಿಗೇನು ಬರಗಾಲಾನಾ?” ಎಂದ.

ಬರಗಾಲವಿರಲಿಲ್ಲ. ಒಬ್ಬನ ಮಂಚದ ಕೆಳಗೆ ಹಸಿರು ಬ್ರೆಡ್ಡಿತ್ತು. ಇನ್ನೊಬ್ಬನ ಚೀಲದಲ್ಲಿ ರಜೆಗೆ ಮುಂಚೆ ಮುಚ್ಚಿಟ್ಟ ಊಟದ ಡಬ್ಬಿ. ಹೋಟೆಲಿನಲ್ಲಿ ಇದನ್ನು ಕಂಡಿದ್ದರೆ ಮಾಲೀಕನ ಜನ್ಮ ಜಾಲಾಡುತ್ತಿದ್ದ ಮನುಷ್ಯ ಈಗ ಚಮಚ ಹಿಡಿದು, “ಸ್ವಲ್ಪ ಕಪ್ಪಗಿರೋದು ಇದ್ರೆ ಕೊಡಪ್ಪಾ” ಎಂದು ಬಾಗಿಲು ಬಾಗಿಲು ತಿರುಗಿದರು.

ಲೋಟಗಳೆಲ್ಲ ತುಂಬಿ ಕಿಟಕಿ ಸೇರುವ ಹೊತ್ತಿಗೆ ಗದ್ದಲ ಕೇಳಿ ವಾರ್ಡನ್ ಬಂದರು.

“ಥೂ, ಏನ್ರೋ ಇದು ಗಲೀಜು! ಮೊದ್ಲು ತೆಗೆದು ಆಚೆ ಎಸೀರಿ!”

ನಿರೀಕ್ಷಕರು ಲೋಟಗಳಿಗೆ ಅಡ್ಡ ನಿಂತರು. “ಮುಟ್ಬೇಡಿ ಸಾರ್! ನಾನು ಆರೋಗ್ಯ ಇಲಾಖೆಯವನು. ನಾನೇ ಹೇಳ್ತಿದೀನಿ, ಬೂಷ್ಟಿಂದ ಯಾರಿಗೂ ಏನೂ ಆಗಲ್ಲ.”

ಗುರುತಿನ ಚೀಟಿಯನ್ನೂ ತೋರಿಸಿದರು. ಹೇಳಿದ್ದು ಸುಳ್ಳೆಂದು ಅವರಿಗೇ ಗೊತ್ತಿತ್ತು. ಆದರೂ ಮಗನಿಗಿಂತ ಮಾತು ದೊಡ್ಡದೇ? ವಾರ್ಡನ್ ಚೀಟಿಯನ್ನು ಎರಡೆರಡು ಸಲ ಓದಿ, ಬಹಳ ಮರ್ಯಾದೆಯಿಂದ ಕೈಮುಗಿದು ಹೋದರು.

ಮಗ ಬಂದ ಕೂಡಲೇ ತಂದೆ ತಪ್ಪೊಪ್ಪಿಕೊಂಡರು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

“ನನ್ನ ಪ್ರಾಜೆಕ್ಟು ಲ್ಯಾಬಲ್ಲಿ ಭದ್ರವಾಗಿದೆಯಪ್ಪಾ! ಈ ಗುಂಗುರ ದಿನಾ ಲೋಟ ತೊಳಿ, ಲೋಟ ತೊಳಿ ಅಂತ ಪ್ರಾಣ ತಿಂತಿದ್ದ. ಅದಕ್ಕೆ ಸುಮ್ನೆ ಹಾಗಂದಿದ್ದೆ.”

ನಿರೀಕ್ಷಕರಿಗೆ ಹೋದ ಜೀವ ಬಂದಂತಾಯಿತು. ಹಿಂದೆಯೇ ಸಿಟ್ಟೂ ಬಂತು. ಅವನ ಕಿವಿ ಹಿಂಡಲು ಏಳುವಷ್ಟರಲ್ಲಿ ಬಾಗಿಲಲ್ಲಿ ಮತ್ತೆ ವಾರ್ಡನ್ ಕಾಣಿಸಿಕೊಂಡರು. ಪಕ್ಕದಲ್ಲಿ ಎಣ್ಣೆ ಜಿಡ್ಡಿನ ಏಪ್ರನ್ ತೊಟ್ಟ ಮೆಸ್ಸಿನ ಅಡುಗೆಯವನು ಹಲ್ಲು ಕಿರಿಯುತ್ತ ನಿಂತಿದ್ದ.

“ದೇವರು ಕಳಿಸಿದ ಹಾಗೆ ಬಂದಿದೀರಾ ಸಾರ್” ಎಂದರು ವಾರ್ಡನ್. “ಮೆಸ್ಸಿನ ಉಗ್ರಾಣದಲ್ಲೂ ಬೂಷ್ಟು ಅಂತ ಹುಡುಗ್ರು ಒಂದು ವಾರದಿಂದ ಗಲಾಟೆ. ಆಗ ಹೇಳಿದ್ರಲ್ಲ, ಅದನ್ನೇ ಅಲ್ಲಿ ಬಂದು ಎಲ್ರ ಮುಂದೆ ಹೇಳ್ಬಿಡಿ.”

“ಹಾಗೇ ಮೊದಲ ಪಂಕ್ತೀಲಿ ಕೂತು ಊಟಾನೂ ಮಾಡ್ಬಿಡಿ ಸಾರ್” ಎಂದ ಅಡುಗೆಯವನು. “ಆಗ್ಲೇ ಬಡಿಸಿಟ್ಟಿದೀನಿ.”