ಹುನಗುಂದದಲ್ಲಿ ಹಿಮ ತೆಗೆದ ಕಥೆ

ನನ್ನ ಬಳಿ ಒಂದು ಟ್ರ್ಯಾಕ್ಟರ್ ಇದೆ. ಅದರ ಹಿಂದೆ ಅಗಲವಾದ ಕಬ್ಬಿಣದ ಬ್ಲೇಡ್ ಇದೆ. ಹುನಗುಂದದ ಸುತ್ತಮುತ್ತ ಮಳೆಗಾಲದಲ್ಲಿ ಅಂಗಳದ ರಾಡಿ ಎಳೆಯುವುದು, ಉಳಿದ ದಿನ ಹೊಲ ಮಟ್ಟ ಮಾಡುವುದು ನನ್ನ ಉದ್ಯೋಗ. ದರಗಳೆಲ್ಲ ತಲೆಯಲ್ಲೇ ಇದ್ದವು. ತೊಂದರೆ ಏನೆಂದರೆ, ಚಹಾಕ್ಕೆ ಮೊದಲು ಒಂದು ದರ ಇರುತ್ತಿತ್ತು, ಚಹಾ ಕುಡಿದ ಮೇಲೆ ಇನ್ನೊಂದು.

"ಫೋನಿನಾಗ ಬಿಲ್ ಮಾಡೂದು ಬಂದೈತ್ರಿ. ಒಂದು ಹಾಕ್ಕೋರಿ," ಎಂದಳು ಹೆಂಡತಿ ಗಿರಿಜಾ.

ಮನೆಯ ರೇಡಿಯೊ, ಮಿಕ್ಸರ್, ಗೋಡೆ ಗಡಿಯಾರ ಎಲ್ಲವನ್ನೂ ಬಿಚ್ಚಿ ರಿಪೇರಿ ಮಾಡಿದವನು ನಾನು. ಅವುಗಳಲ್ಲಿ ಒಂದು ಇನ್ನೂ ನಡೆಯುತ್ತಿದೆ. ಹೀಗಾಗಿ ಹೆದರದೆ, ಪುಕ್ಕಟೆ ಸಿಕ್ಕ ಒಂದು ಸಾಫ್ಟ್‌ವೇರ್ ಇಳಿಸಿಕೊಂಡೆ. ಅದು ಥಂಡಿ ದೇಶಗಳಲ್ಲಿ ಮನೆ ಮುಂದಿನ ಹಿಮ ತೆಗೆಯುವವರಿಗಾಗಿ ಮಾಡಿದ್ದೆಂದು ಆಮೇಲೆ ತಿಳಿಯಿತು. ಇರಲಿ. ಹಿಮವೂ ಬಾಗಿಲ ಮುಂದೆ ಬೀಳುತ್ತದೆ, ರಾಡಿಯೂ ಬಾಗಿಲ ಮುಂದೆಯೇ ನಿಲ್ಲುತ್ತದೆ.

"ಹಿಮಾ ತಾನ ಕರಗತೈತ್ರಿ. ನಮ್ಮ ರಾಡಿ ಕರಗತೈತೇನು?" ಎಂದಳು ಗಿರಿಜಾ.

ಇಂಥ ಸಣ್ಣಪುಟ್ಟ ಆಕ್ಷೇಪಣೆಗಳಿಗೆ ನಾನು ಉತ್ತರ ಕೊಡುವುದಿಲ್ಲ.

ಎಷ್ಟು ಅಂಗುಲ ದಪ್ಪ, ಎಷ್ಟು ದೂರ, ಯಾವ ಹೊತ್ತು ಎಂದು ಒಂದೊಂದಕ್ಕೂ ಬೇರೆ ಬೇರೆ ದರ ತುಂಬುತ್ತ ಹೋದೆ. ಹವಾಮಾನ ನೋಡಿ ತಾನೇ ಬಿಲ್ ಕಳಿಸುವ ಸೌಲಭ್ಯವೂ ಇತ್ತು. ಅದನ್ನೂ ಚಾಲೂ ಮಾಡಿದೆ. 'ಗ್ರಾಹಕರ ವಿಧ' ಎಂಬಲ್ಲಿಗೆ ಬಂದಾಗ ಕೈ ನಿಂತಿತು. ಅಪ್ಪನ ನೆನಪಾಯಿತು.

ಅಪ್ಪ ಇದೇ ಕೆಲಸವನ್ನು ಎತ್ತುಗಳಿಂದ ಮಾಡುತ್ತಿದ್ದ. ಎತ್ತುಗಳ ಹಿಂದೆ ದಪ್ಪ ಮರದ ಹಲಗೆ. ಅದು ಮೇಲೇಳದಂತೆ ತೂಕಕ್ಕೆ ನಾನು. ಈ ಉದ್ಯಮದಲ್ಲಿ ನನ್ನ ಮೊದಲ ಹುದ್ದೆ ಅದೇ. ಒದ್ದೆ ಮಣ್ಣಿನ ವಾಸನೆ, ಎತ್ತಿನ ಕೊರಳ ಗಂಟೆ, ಮುಂದೆ ಬೆವತ ಅಪ್ಪನ ಬೆನ್ನು. ಕೆಲಸ ಮುಗಿದ ಮೇಲೆ ಅಪ್ಪ ಆ ಮನೆಯತ್ತ ಒಮ್ಮೆ ನೋಡಿ ದರ ಹೇಳುತ್ತಿದ್ದ. ಕೇಳದೆಯೇ ಎತ್ತುಗಳಿಗೆ ನೀರು ತಂದಿಟ್ಟವರಿಗೆ ಕಡಿಮೆ. ಕೊಡೆ ಹಿಡಿದು ನಿಂತು, ಇಲ್ಲಿ ಉಳಿಯಿತು ಅಲ್ಲಿ ಉಳಿಯಿತು ಎಂದವರಿಗೆ ಹೆಚ್ಚು. ಬಾಣಂತಿ ಇದ್ದ ಮನೆಗೆ ಏನೂ ಇಲ್ಲ.

ಈ ಪದ್ಧತಿ ಅಪ್ಪನ ಜೊತೆಗೇ ಹೋಗಬಾರದು ಎನ್ನಿಸಿ ಎಲ್ಲವನ್ನೂ ತುಂಬಿದೆ. ಕೊನೆಗೆ ಬಾಣಂತಿಗೆ ಸೊನ್ನೆ ಹಾಕಿದರೆ ಸಾಫ್ಟ್‌ವೇರ್ ಒಪ್ಪಲಿಲ್ಲ; ತಾನೇ ಒಂದು ಕನಿಷ್ಠ ದರ ಹಾಕಿಕೊಂಡು, 'ಎಲ್ಲರಿಗೂ ಅನ್ವಯಿಸಲೇ?' ಎಂದು ಕೇಳಿತು. ಅಪ್ಪನ ನ್ಯಾಯ ಎಲ್ಲರಿಗೂ ಅನ್ವಯಿಸಲಿ ಎಂದು ಗುಂಡಿ ಒತ್ತಿದೆ.

ಮರುದಿನ ಮಧ್ಯಾಹ್ನ ಮಳೆ ಬಂತು. ಮಳೆ ನಿಲ್ಲುವ ಹೊತ್ತಿಗೆ ಕಲ್ಲಪ್ಪ ಮಾಸ್ತರರು ಫೋನ್ ಹಿಡಿದು ನಮ್ಮ ಮನೆಗೆ ಬಂದರು. "ನೀನ ಓದಪಾ," ಎಂದರು.

ಓದಿದೆ. 'ಪ್ರಿಯ ಗ್ರಾಹಕರೇ, ನಿಮ್ಮ ಅಂಗಳದ ಹಿಮ ತೆಗೆಯಲಾಗಿದೆ. ಗ್ರಾಹಕರ ವಿಧ: ಬಾಣಂತಿ. ದಯವಿಟ್ಟು ಹಣ ಪಾವತಿಸಿ.'

"ಹಿಮದ್ದು ಹೋಗ್ಲಿ ಬಿಡು," ಎಂದರು ಮಾಸ್ತರರು. "ನಮ್ಮ ಮನ್ಯಾಗ ಇರಾಂವ ನಾ ಒಬ್ಬನ."

ಎಲ್ಲ ಗ್ರಾಹಕರಿಗೂ ಅದೇ ಹೋಗಿತ್ತು. ಸಂಜೆಯವರೆಗೆ ಎಲ್ಲರಿಗೂ ಫೋನ್ ಮಾಡಿ ಕ್ಷಮೆ ಕೇಳಿದೆ. ಎತ್ತಿದವರೆಲ್ಲ ನಕ್ಕರು. ಫೋನ್ ಎತ್ತದವಳು ಒಬ್ಬಳೇ: ಬೇವೂರಿನ ನೀಲವ್ವ ಅತ್ತೆ, ಅಪ್ಪನ ಅಕ್ಕ. ಅಪ್ಪ ವರ್ಷಕ್ಕೊಮ್ಮೆ ಎತ್ತು ಹೊಡೆದುಕೊಂಡು ಹೋಗಿ ಆಕೆಯ ಅಂಗಳ ಮಟ್ಟ ಮಾಡಿ ಬರುತ್ತಿದ್ದ. ಅವನ ನಂತರ ನಾನು ಹೋಗುತ್ತಿದ್ದೆ. ರೊಕ್ಕದ ಮಾತೇ ಇರಲಿಲ್ಲ. ಊರಿಗೆಲ್ಲ ಬಸವರಾಜ ಆಗಿರುವ ನನ್ನನ್ನು ಇನ್ನೂ ಬಸ್ಯಾ ಎಂದು ಕರೆಯುವವಳು ಆಕೆಯೊಬ್ಬಳೇ. ಗ್ರಾಹಕರ ಹೆಸರು ತುಂಬುವಾಗ ಆಕೆಯದನ್ನೂ ತುಂಬಿದ್ದೆ; ಈಗ ಆಕೆಗೂ ಬಿಲ್ ಹೋಗಿತ್ತು.

ಬೆಳಿಗ್ಗೆ ಟ್ರ್ಯಾಕ್ಟರ್ ಹೊಡೆದುಕೊಂಡು ಬೇವೂರಿಗೆ ಹೋದೆ. ಅಂಗಳ ಮಟ್ಟ ಮಾಡಿಕೊಟ್ಟರೆ ಸಿಟ್ಟು ಇಳಿದೀತು ಎಂದು ಲೆಕ್ಕ ಹಾಕಿ, ಅಂಗಳದೊಳಗೆ ಹೋಗುವಾಗಲೇ ಬ್ಲೇಡ್ ಇಳಿಸಿಬಿಟ್ಟೆ. ಬೇವೂರಿನಲ್ಲಿ ಮಳೆಯೇ ಆಗಿಲ್ಲ ಎಂಬುದು ಕಟ್ಟೆಯ ಹತ್ತಿರ ನಿಂತ ಮೇಲೆ ಗಮನಕ್ಕೆ ಬಂತು.

ಅತ್ತೆ ಹೊರಗೆ ಬಂದಳು. "ಎಲ್ಲೈತೋ ನಿನ್ನ ಹಿಮಾ?"

"ತಪ್ಪಾತು ಅತ್ತಿ. ಅದು ಫೋನ್ ತಾನ ಕಳಿಸಿದ್ದು."

"ನಾ ನಿಮ್ಮಪ್ಪನ ಅಕ್ಕ ಅಂತ ಫೋನಿಗೇನು ಗೊತ್ತು? ನಿನಗ ಗೊತ್ತಿತ್ತಲ್ಲ."

ಅತ್ತೆ ಒಳಗೆ ಹೋಗಿ ರೊಟ್ಟಿ, ಪುಂಡಿಪಲ್ಯ ತಂದು ಮುಂದಿಟ್ಟಳು. ನಾನು ತಿನ್ನುವುದನ್ನು ನೋಡುತ್ತ ನೋಡುತ್ತ ಅವಳ ದನಿ ಮೆತ್ತಗಾಯಿತು.

"ನಿಮ್ಮಪ್ಪಾನೂ ನನ್ನ ಕೂಡ ರೇಟಿಗೆ ಜಗಳಾ ಮಾಡತಿದ್ದ. ಕೆಲಸ ಮುಗದ ಮ್ಯಾಲೆ ನಾಕ ದಿನಾ ಇರು ಅಂತ ನಾ, ಒಂದ ದಿನಾ ಅಂತ ಅವಾ. ಎಳದಾಡಿ ಎರಡಕ್ಕ ಮುಗೀತಿತ್ತು."

ಎತ್ತುಗಳು ದಣಿದಿವೆ, ಇನ್ನೊಂದು ದಿನ ಇಲ್ಲೇ ಇರೋಣ ಎಂದು ಅಪ್ಪ ನನಗೆ ಹೇಳುತ್ತಿದ್ದ. ನಾನು ನಂಬಿದ್ದೆ.

"ನೀ ಎಂದ ಹೋಗ್ತೀ?" ಎಂದಳು ಅತ್ತೆ.

"ನಾಳೆ ಮುಂಜಾನಿ ಹೋಗ್ತೇನಿ ಅತ್ತಿ."

"ಅಂಗಳಾ ನೋಡು. ಆಮ್ಯಾಲ ಹೇಳು."

ತಿರುಗಿ ನೋಡಿದೆ. ಸಾರಿಸಿ ರಂಗೋಲಿ ಹಾಕಿದ್ದ ಅಂಗಳವನ್ನು ನನ್ನ ಬ್ಲೇಡ್ ಈ ತುದಿಯಿಂದ ಆ ತುದಿಯವರೆಗೆ ಕೆತ್ತಿ ಗುಡ್ಡೆ ಹಾಕಿತ್ತು.

ಮೂರನೆಯ ದಿನವೂ ನಾನು ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಸಗಣಿ ಸಾರಿಸುತ್ತಿದ್ದೆ. ದಾರಿಯಲ್ಲಿ ಹೊರಟಿದ್ದ ಹೆಣ್ಣುಮಗಳೊಬ್ಬಳು ನಿಂತು, "ಯಾರಬೇ ಇವರು?" ಎಂದು ಕೇಳಿದಳು.

"ನನ್ನ ತಮ್ಮನ ಮಗಾ," ಎಂದಳು ಅತ್ತೆ ಹೆಮ್ಮೆಯಿಂದ. "ಹುನಗುಂದದಾಗ ಕಂಪ್ಯೂಟರ್ ಕೆಲಸಾ ಮಾಡ್ತಾನ."

ಮೊಣಕೈವರೆಗೆ ಸಗಣಿ ಮೆತ್ತಿಕೊಂಡಿದ್ದರಿಂದ ಆಕೆಗೆ ನಮಸ್ಕಾರ ಮಾಡಲೂ ಆಗಲಿಲ್ಲ.