ಮೊದಲು ಮಾವ, ಆಮೇಲೆ ಕುರಿ

ನಮ್ಮ ಸೋದರಮಾವನಿಗೆ ಸಾವು ಬರುವುದಾದರೆ ಅದು ಕಾಯಿಲೆಯಿಂದ ಬರುವುದಿಲ್ಲ, ಔಷಧಿಯಿಂದಲೇ ಬರುತ್ತದೆ! ಇದು ನನ್ನ ಮಾತಲ್ಲ, ನಮ್ಮೂರು ಯಗಟಿಯ ಜನರ ಮಾತು. ಅವರು ಹೇಳುವುದರಲ್ಲೂ ಅರ್ಥವಿದೆ. ಕುರಿಗಳಿಗೆ ಜಂತುಹುಳದ ಔಷಧಿ ತಂದರೆ ಮೊದಲ ಮುಚ್ಚಳ ಮಾವನ ಗಂಟಲಿಗೆ, ಎರಡನೆಯದರಿಂದ ಕುರಿಗಳಿಗೆ. ಹೊಸ ಹಿಂಡಿ ಬಂದರೆ ಮೊದಲ ಚೂರು ಅವನ ಬಾಯಿಗೆ. ಕಡೂರಿನ ಪಶುವೈದ್ಯರೊಬ್ಬರು ಇದನ್ನು ಕಣ್ಣಾರೆ ಕಂಡು ಗಾಬರಿಯಾದರಂತೆ.

"ಯಜಮಾನ್ರೇ, ಅದು ಕುರಿಗೆ ಕೊಟ್ಟಿದ್ದು ಕಣ್ರೀ!"

"ಗೊತ್ತು ಸಾ. ಕುಡಿದ್ಮೇಲೆ ಹೆಂಗಾಯ್ತು ಅಂತ ಕುರಿ ಬಾಯ್ಬಿಟ್ಟು ಹೇಳ್ತದಾ? ನಾನಾದ್ರೆ ಹೇಳ್ತೀನಿ."

ಹೊಟ್ಟೆಹುಳದ ಮಟ್ಟಿಗೆ ಇಡೀ ತಾಲ್ಲೂಕಿನಲ್ಲಿ ಅವನಷ್ಟು ಶುದ್ಧ ಮನುಷ್ಯ ಇನ್ನೊಬ್ಬನಿಲ್ಲ!

ಅಜ್ಜಂಪುರದ ಕಡೆಯಿಂದ ನನಗೆ ಗಂಡು ಬಂದಾಗ ಅವ್ವ ಜಾತಕ ಹಿಡಿದು ಓಡಾಡಿದಳು. ಮಾವ ಒಂದು ಜೊತೆ ಬಟ್ಟೆ ಹಿಡಿದು ಹೋಗಿ ಹುಡುಗನ ಮನೆಯಲ್ಲೇ ಕೂತ. ಒಂದು ದಿನವಲ್ಲ, ಮೂರು ದಿನ! ನಾಚಿಕೆಯಿಂದ ನನಗೆ ಮುಖ ಎತ್ತಲಾಗಲಿಲ್ಲ. ಅವ್ವ ಫೋನಿನಲ್ಲಿ ಬೈದರೆ, "ಹುಡುಗಿ ಅಲ್ಲಿ ಬದುಕಿರೋ ತಂಕ ಉಣ್ಬೇಕು, ನಾನು ಮೂರು ದಿನ ಉಂಡು ನೋಡ್ಬಾರ್ದಾ?" ಎಂದ. ನಾಲ್ಕನೆಯ ದಿನ ವರದಿ ಬಂತು: "ಸಾರಿಗೆ ಉಪ್ಪು ಕಮ್ಮಿ. ಬೀಗಿತ್ತಿ ಬಾಯಿ ವಸಿ ಜೋರು. ಆದ್ರೆ ಉಣ್ಣೋವಾಗ ಯಾರೂ ಇನ್ನೊಬ್ರ ತಟ್ಟೆ ನೋಡಲ್ಲ. ಕೊಡ್ಬೋದು."

ಈ ಸರ್ಟಿಫಿಕೇಟಿನ ಮೇಲೆಯೇ ನನ್ನ ಮದುವೆಯಾಯಿತು. ಉಪ್ಪು ಈಗಲೂ ಕಮ್ಮಿಯೇ!

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಯಗಟಿಯಿಂದ ಕಡೂರಿಗೆ, ಆಮೇಲೆ ತರೀಕೆರೆಗೆ, ಬಸ್ಸಿನಲ್ಲಿ ನಿಂತುಕೊಂಡೇ ರಸಾಯನಶಾಸ್ತ್ರ ಓದಿದವಳು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಈಗ ಉಪಗ್ರಹಗಳಿಗೆ ಇಂಧನ ತಯಾರಿಸುವ ಪ್ರಯೋಗಾಲಯವೊಂದರಲ್ಲಿದ್ದೇನೆ. ರಾಕೆಟ್ಟು ಮೇಲೆ ಬಿಟ್ಟ ನಂತರ ಉಪಗ್ರಹ ತನ್ನ ದಾರಿಯಲ್ಲೇ ಇರಬೇಕಾದರೆ ಅದರ ಹೊಟ್ಟೆಯಲ್ಲಿ ಒಂದಿಷ್ಟು ಇಂಧನವಿರಬೇಕು. ಬಹುಕಾಲದಿಂದ ಬಳಸುತ್ತಿರುವುದು ಹೈಡ್ರಜೀನ್. ಕೆಲಸಕ್ಕೆ ಗಟ್ಟಿ, ಮನುಷ್ಯನಿಗೆ ವಿಷ. ಅದನ್ನು ತುಂಬುವವರು ತಲೆಯಿಂದ ಕಾಲಿನವರೆಗೆ ಮುಚ್ಚಿದ ಉಡುಪು ತೊಟ್ಟು, ಕೊಳವೆಯಲ್ಲಿ ಬರುವ ಗಾಳಿಯನ್ನು ಉಸಿರಾಡುತ್ತಾರೆ. ಅದರ ಬದಲಿಗೆ, ಅಷ್ಟು ಆವಿಯಾಗದ, ಮಣ್ಣಿಗೂ ನೀರಿಗೂ ಅಷ್ಟು ಕೇಡು ಮಾಡದ ದ್ರವವೊಂದನ್ನು ನಮ್ಮ ತಂಡ ಹದಕ್ಕೆ ತರುತ್ತಿದೆ.

ಇದನ್ನು ಮಾವನಿಗೆ ಹೇಳಿದ್ದೇ ತಪ್ಪಾಯಿತು.

"ಒಂದು ಸೀಸೆ ತಗಂಬಾ, ನೋಡ್ತೀನಿ."

"ಅಯ್ಯೋ ಮಾವ, ಅದನ್ನ ನೆಕ್ಕೋಕಾಗಲ್ಲ!"

"ಒಳ್ಳೇದು ಅಂದ್ಯಲ್ಲೇ?"

"ಹಳೇದಕ್ಕಿಂತ ಕಮ್ಮಿ ಕೆಟ್ಟದ್ದು."

"ಹಂಗನ್ನು ಮತ್ತೆ. ಒಳ್ಳೇದು ಅನ್ಬ್ಯಾಡ."

ನಮ್ಮ ಸಭೆಗಳಲ್ಲಿ ಗಂಟೆಗಟ್ಟಲೆ ಮಾತಾಡಿದರೂ ಯಾರೂ ಇಷ್ಟು ಸರಿಯಾಗಿ ಹೇಳಿರಲಿಲ್ಲ!

ಕಳೆದ ಸಲ ಊರಿಗೆ ಬೀಗುತ್ತಲೇ ಹೋಗಿದ್ದೆ. ಹೊಸ ಇಂಧನವನ್ನು ತುಂಬಲು ಆ ಭಾರಿ ಉಡುಪು ಬೇಡ, ಕೈಗವಸು, ಮುಖಗವಸು, ಏಪ್ರನ್ ಸಾಕು ಎಂಬ ಕಾಗದ ಸಿದ್ಧವಾಗಿತ್ತು. ಪರೀಕ್ಷೆಗಳೆಲ್ಲ ಮುಗಿದು ನನ್ನ ಸಹಿಯೊಂದೇ ಬಾಕಿ. ಅಂಗಳದಲ್ಲಿ ಕುರಿಯ ಕಿವಿ ಹಿಡಿದು ಹೇನು ಹುಡುಕುತ್ತಿದ್ದ ಮಾವನಿಗೆ ಎಲ್ಲ ಒದರಿದೆ.

"ತುಂಬೋರು ಯಾರು? ನೀನಾ?"

"ಅದಕ್ಕೆ ಬೇರೆಯವರಿದಾರೆ ಮಾವ. ನಾನು ಎಂಎಸ್ಸಿ ಮಾಡಿರೋಳು!"

ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. ಕುರಿಯ ಕಿವಿ ಬಿಟ್ಟ.

"ನೀನು ಹೇಳ್ದೆ ಅಂತ ಅವಯ್ಯ ಉಡುಪು ಬಿಚ್ಚಿಡ್ತಾನೆ."

"ಹೂಂ."

"ನಿಮ್ಮತ್ತೇನೂ ಹಂಗೇ ಬಿಚ್ಚಿಟ್ಲು ಕಣವ್ವ."

ಮಾವನ ಹೆಂಡತಿ, ಆ ಅತ್ತೆಯನ್ನು ನಾನು ನೋಡಿಲ್ಲ. ನಾನು ಹುಟ್ಟುವ ಮೊದಲೇ ಹೋದವಳು. ಏನಾಗಿತ್ತು ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟಿರಲಿಲ್ಲ.

"ಹೇನಿಗೆ ಔಷಧಿ ತಂದಿದ್ದೆ, ಕುರಿ ಮೈ ತೊಳೆಯಕೆ. ಕೈಗೆ ಪ್ಲಾಸ್ಟಿಕ್ ಕವರ್ ಸುತ್ಕೊಂಡು ಬಂದ್ಲು. ನಾನೇ ನಕ್ಕೆ. ಏನಾಗಕಿಲ್ಲ ಬಿಚ್ಚಾಕು ಅಂದೆ. ಬೆಳಗಿಂದ ಬರಿಗೈಲಿ ಕಲಸಿ, ಸೀರೆಯೆಲ್ಲ ನೆನೆಸ್ಕೊಂಡು ತೊಳೆದ್ಲು. ಸಂಜೆಗೆ ಬಾಯಲ್ಲಿ ನೊರೆ. ಕಡೂರಿನ ಆಸ್ಪತ್ರೆ ಮುಟ್ಟಲಿಲ್ಲ." ಸ್ವಲ್ಪ ತಡೆದು ಹೇಳಿದ: "ನಾನು ಅದ್ರಲ್ಲಿ ಒಂದು ಬೆರಳೂ ಅದ್ದಿರಲಿಲ್ಲ ಕಣೇ. ಬಾಯಲ್ಲಿ ಹೇಳಿದ್ದಷ್ಟೇ."

ಇಷ್ಟು ವರ್ಷ ನಾವು ನಕ್ಕಿದ್ದೇ ನಕ್ಕಿದ್ದು.

ಕೆಲಸಕ್ಕೆ ಮರಳಿದವಳು ಸಹಿ ಹಾಕಲಿಲ್ಲ. ತುಂಬುವ ತಂಡದಲ್ಲಿ ನನಗೂ ತರಬೇತಿ ಕೊಡಿ ಎಂದು ಕೇಳಿದೆ. ಮೇಲಿನವರು ಹುಬ್ಬೇರಿಸಿದರು. ತಂಡದ ಹಿರಿಯ ಟೆಕ್ನಿಷಿಯನ್, "ಏನ್ ಮೇಡಂ, ನಮ್ಮ ಅನ್ನಕ್ಕೆ ಕಲ್ಲು ಹಾಕ್ತೀರಾ?" ಎಂದು ನಕ್ಕರು. ತರಬೇತಿ ಮುಗಿದು ಮೊದಲ ಸಲ ತುಂಬುವ ದಿನ ಅವರನ್ನು ಹಳೆಯ ಉಡುಪಿನೊಳಗೇ ನಿಲ್ಲಿಸಿ, ಕಾಗದದಲ್ಲಿ ಬರೆದಷ್ಟನ್ನೇ ತೊಟ್ಟು ಕವಾಟ ತಿರುಗಿಸಿದವಳು ನಾನು. ಗಾಳಿಯಲ್ಲಿ ವಿಷ ಸೇರಿದರೆ ಕೂಗುವ ಯಂತ್ರ ಸುಮ್ಮನಿತ್ತು. ತಿರುಗಿಸುವಾಗ ಕೈಗವಸು ಜಾರಿ ಮಣಿಕಟ್ಟು ಬರಿದಾಗುತ್ತದೆ! ಮೇಜಿನ ಮುಂದೆ ಕೂತು ಬರೆದ ನನಗೆ ಇದು ಹೊಳೆದೇ ಇರಲಿಲ್ಲ. ಮೊಣಕೈ ಮುಟ್ಟುವ ಕೈಗವಸು ಬೇಕೆಂದು ತಿದ್ದಿಸಿದೆ. ಅದನ್ನು ತೊಟ್ಟು ಇನ್ನೊಮ್ಮೆ ತುಂಬಿ ನೋಡಿದ ಮೇಲೆ ಸಹಿ ಹಾಕಿದೆ.

ಹಿರಿಯ ಟೆಕ್ನಿಷಿಯನ್ ಭಾರಿ ಉಡುಪಿಲ್ಲದೆ ಮೊದಲ ಸಲ ಕೆಲಸ ಮುಗಿಸಿದ ಸಂಜೆ ಮಾವನಿಗೆ ಫೋನ್ ಮಾಡಿದೆ.

"ಉಸಿರಾಟ ಸರಿಯಾಗೈತಾ?"

"ಐತೆ ಮಾವ."

"ಅವಯ್ಯಂದು?"

"ಅವರದ್ದೂ. ಮನೆಗೆ ಹೊರಟ್ರು. ಬರ್ತಾ ಕೊತ್ತಂಬರಿ ಸೊಪ್ಪು ತನ್ನಿ ಅಂತ ಹೆಂಡ್ತಿ ಫೋನ್ ಮಾಡಿದ್ರು."

ಮಾವನ ದನಿ ಬಂತು, ಒದ್ದೆಯಾಗಿ:

"ಸೊಪ್ಪು ತಗಂಡೋದ್ನಾ?"

"ಗೇಟಿನ ಹತ್ರಾನೇ ತಗೊಂಡೋದ್ರು ಮಾವ."