ಉಪ್ಪು ನೋಡದ ಭಟ್ಟರ ವೀಸಾ ಫೈಲು

ಫಾರ್ಮು ಕೇಳುವುದು ಒಂದು, ನಮ್ಮ ಜನ ಹೇಳುವುದು ಮತ್ತೊಂದು. ಹೊರದೇಶಕ್ಕೆ ದುಡಿಯಲು ಹೋಗುವವರ ವೀಸಾ ಕಾಗದಪತ್ರ ಮಾಡಿಕೊಡುವ ಆಫೀಸಿನಲ್ಲಿ ಕೂತು ನೋಡಿ, ಇಂಥದ್ದು ವಾರಕ್ಕೆ ಒಂದಾದರೂ ನಡೆದೇ ನಡೆಯುತ್ತದೆ.

ನಮ್ಮ ಆಫೀಸು ಮರಾಠಿ ನಾಡಿನ ಡೊಂಬಿವಲಿ ಪೂರ್ವದಲ್ಲಿ, ಒಂದು ಚಪ್ಪಲಿ ಅಂಗಡಿಯ ಮೇಲೆ. ನಾನು ಧಾರವಾಡದ ಕಡೆಯವಳು, ಮದುವೆಯಾಗಿ ಇಲ್ಲಿಗೆ ಬಂದು ಇಪ್ಪತ್ತೈದು ವರ್ಷವಾಯಿತು. ನಮ್ಮ ಬಾಸ್ ಮರಾಠಿಯವರು. ಕನ್ನಡದವರು ಯಾರೇ ಬಂದರೂ ಸೀದಾ ನನ್ನ ಟೇಬಲ್ಲಿಗೆ ಕಳಿಸುತ್ತಾರೆ. ನನಗೂ ಅದೇ ಬೇಕು. ಹುಟ್ಟಿದ್ದೆಲ್ಲಿ, ಮದುವೆ ಯಾವಾಗ, ಹಳೇ ಕೆಲಸ ಯಾಕೆ ಬಿಟ್ಟಿರಿ ಅಂತ ಕಂಡವರನ್ನೆಲ್ಲ ಕೇಳುತ್ತ ಕೂತರೆ ಬೈಯುವ ಬದಲು ಪಗಾರ ಕೊಡುವ ನೌಕರಿ ಇನ್ನೆಲ್ಲಿ ಸಿಗುತ್ತದೆ ಹೇಳಿ?

ಬಂದ ಫೈಲುಗಳಲ್ಲೆಲ್ಲ ನನಗೆ ಮರೆಯಲಾಗದ್ದು ಒಬ್ಬ ಅಡಿಗೆ ಭಟ್ಟರದ್ದು. ಉಡುಪಿಯ ಕಡೆಯವರು. ನಮ್ಮ ಪಕ್ಕದ ಸ್ಟೇಷನ್ ಠಾಕುರ್ಲಿಯ ಒಂದು ಹೋಟೆಲ್ಲಿನಲ್ಲಿ ಇಪ್ಪತ್ತೆರಡು ವರ್ಷ ಒಂದೇ ಒಲೆಯ ಮುಂದೆ ನಿಂತವರು. ಆ ಬಿಲ್ಡಿಂಗು ಕೆಡವಿ ಕಟ್ಟುವ ರಿಡೆವಲಪ್‌ಮೆಂಟಿಗೆ ಹೋಗಿ, ದೀಪಾವಳಿ ಮುಗಿದ ಕೂಡಲೇ ಹೋಟೆಲ್ಲಿನ ಬಾಗಿಲು ಹಾಕುವುದು ಅಂತ ನಿಕ್ಕಿಯಾಗಿತ್ತು. ಹೊಸ ಬಿಲ್ಡಿಂಗು ಯಾವಾಗ ಏಳುತ್ತದೆ ಅಂತ ಬಿಲ್ಡರನಿಗೂ ಗೊತ್ತಿರಲಿಲ್ಲ. ಭಟ್ಟರಿಗೆ ನಲವತ್ತೆಂಟು, ಮಗಳು ಹನ್ನೆರಡನೇ ಕ್ಲಾಸು. ಅದೇ ಹೊತ್ತಿಗೆ ಜರ್ಮನಿಯಲ್ಲಿ ಹೊಸದಾಗಿ ತೆರೆಯುವ ಒಂದು ದೋಸೆ-ಇಡ್ಲಿ ಹೋಟೆಲ್ಲಿಗೆ ಅಡಿಗೆಯವರು ಬೇಕು ಅಂತ ನಮ್ಮ ಬಾಸಿಗೆ ಕೇಳಿಕೆ ಬಂದಿತ್ತು. ಮೊದಲು ಭಟ್ಟರ ಕಾಗದಪತ್ರ ಸರಿಯಾಗಬೇಕು, ಆಮೇಲೆ ಅಲ್ಲಿಯ ಮುಖ್ಯ ಶೆಫ್ ವಿಡಿಯೋದಲ್ಲಿ ಅಡಿಗೆ ಮಾಡಿಸಿ ನೋಡಿ ಹೂಂ ಅನ್ನಬೇಕು. ಅವರು ಹೂಂ ಅಂದರೆ ವೀಸಾಕ್ಕೆ ಅರ್ಜಿ. ಊಹೂಂ ಅಂದರೆ ದೀಪಾವಳಿಯ ಮರುದಿನದಿಂದ ಭಟ್ಟರು ಮನೆಯಲ್ಲಿ.

೧. ಯಾರಿಗೂ ಏನೂ ಆಗಿಲ್ಲ

ಇಂಟರ್‌ವ್ಯೂಗೆ ಮೊದಲು ಒಂದು ಸಲ ತಾಲೀಮು ಮಾಡಿಸುವುದು ನಮ್ಮ ಬಾಸ್ ಹಾಕಿಕೊಟ್ಟ ಪದ್ಧತಿ. ಭಟ್ಟರನ್ನು ಎದುರಿಗೆ ಕೂರಿಸಿಕೊಂಡೆ.

"ಭಟ್ರ, ನಾನ ಆ ಜರ್ಮನಿ ಸಾಹೇಬ ಅಂತ ತಿಳ್ಕೋರಿ. ನಿಮಗ ಅಡಿಗಿ ಛಲೋ ಬರ್ತದೇನು?"

"ಛೆ ಛೆ, ನಮಗೆಂಥ ಬರ್ತದೆ ಅಕ್ಕ! ಏನೋ ಗೊತ್ತಿದ್ದಷ್ಟು."

"ಹಂಗ ಅನಬಾರದ್ರೀ. ಭಾಳ ಛಲೋ ಬರ್ತದ ಅನ್ರಿ."

"ನಮ್ಮದನ್ನು ನಾವೇ ಹೇಳಿಕೊಳ್ಳುವುದಾ? ನಾಚಿಕೆ ಆಗ್ತದೆ ಮಾರಾಯ್ರೆ."

"ಹೋಗ್ಲಿ ಬಿಡ್ರಿ. ನಿಮ್ಮ ಸಾಂಬಾರ ಹ್ಯಾಂಗಿರ್ತದ?"

"ಅದು ತಿಂದವರು ಹೇಳಬೇಕು."

"ತಿಂದವರು ಏನಂತಾರ್ರೀ?"

"ನಾನು ಒಳಗೆ ಇರ್ತೇನಲ್ಲ. ಕೇಳುವುದಕ್ಕೆ ಪುರುಸೊತ್ತು ಎಲ್ಲಿ?"

ನನಗೆ ತಲೆ ಚಿಟ್ಟುಹಿಡಿಯಿತು. ಈ ಮನುಷ್ಯ ಮಾಡಿದ ಸಾಂಬಾರಿಗೆ ಕಲ್ಯಾಣದಿಂದ ಜನ ಒಂದು ಸ್ಟೇಷನ್ ಈಚೆ ಬಂದು ಇಳಿಯುತ್ತಾರೆ! "ಭಟ್ರ, ನಿಮ್ಮ ಅಡಿಗಿ ಬಗ್ಗೆ ಒಂದ, ಒಂದ ಒಳ್ಳೆ ಮಾತು ಹೇಳ್ರಿ. ಕೈ ಮುಗೀತೀನಿ," ಅಂದೆ.

ಭಟ್ಟರು ಬಹಳ ಹೊತ್ತು ಯೋಚಿಸಿದರು. ಬೆವರು ಒರೆಸಿಕೊಂಡರು. ಕೊನೆಗೆ ಹೇಳಿದರು: "ದೇವರ ದಯೆಯಿಂದ ಇದುವರೆಗೆ ಯಾರಿಗೂ ಏನೂ ಆಗಿಲ್ಲ."

ಆ ಕಡೆ ಟೇಬಲ್ಲಿನಿಂದ ಬಾಸ್ ಏನಂತೆ ಅಂತ ಹಿಂದಿಯಲ್ಲಿ ಕೇಳಿದರು. ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡು, "ಮೇಡಂ, ಇವರು ಬಂದದ್ದು ನೌಕರಿಗೋ, ಜಾಮೀನಿಗೋ?" ಅಂದರು.

೨. ಒಂದು ದಿನದ ತಡ

ಇಷ್ಟು ವರ್ಷ ಇಂಥ ಕಡೆ ಕೆಲಸ ಮಾಡಿದ್ದಾರೆ ಅಂತ ಹೋಟೆಲ್ಲಿನವರಿಂದ ಒಂದು ಸರ್ಟಿಫಿಕೇಟು ಬೇಕಾಗುತ್ತದೆ. ನಾವು ಬರೆದುಕೊಟ್ಟ ನಮೂನೆಯನ್ನು ಹೋಟೆಲ್ ಧಣಿಗಳು ಬದಿಗಿಟ್ಟು, "ನಮ್ಮ ಭಟ್ರಿಗೆ ನಾನೇ ಬರೆಯುತ್ತೇನೆ" ಅಂತ ತಾವೇ ಕೂತು ಬರೆದಿದ್ದರು. ಎರಡು ಪುಟ. ಸಾಲುಸಾಲಿಗೂ ಪ್ರೀತಿ. ನಡುವೆ ಒಂದು ಸಾಲು ಹೀಗಿತ್ತು: "ಇಪ್ಪತ್ತೆರಡು ವರ್ಷದಲ್ಲಿ ಇವರು ಕೆಲಸಕ್ಕೆ ತಡವಾಗಿ ಬಂದದ್ದು ಒಂದೇ ಒಂದು ದಿನ. ಅಂದು ಇವರ ಮದುವೆ ಇತ್ತು."

ನನಗೆ ತಡೆಯಲಾಗಲಿಲ್ಲ. ಸಹಿಗೆ ಅಂತ ಗಂಡನ ಜೊತೆ ಬಂದಿದ್ದ ಭಟ್ಟರ ಹೆಂಡತಿಯನ್ನು ಕೇಳಿಯೇಬಿಟ್ಟೆ: "ಏನ್ರೀ, ಮದಿವಿ ದಿನಾನೂ ಕೆಲಸಕ್ಕ ಹೋಗಿದ್ರೇನು ಇವರು?"

ಭಟ್ಟರು ಫ್ಯಾನು ನೋಡತೊಡಗಿದರು. ಅವರ ಹೆಂಡತಿ ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ಆ ಸಾಲನ್ನು ಎರಡು ಸಲ ಓದಿದರು.

"ಧಣಿಗಳು ತಪ್ಪು ಬರೆದಿದ್ದಾರೆ ಅಕ್ಕ. ಹೋಟೆಲಿಗೆ ಇವರು ಆ ದಿವಸವೂ ಸರಿ ಟೈಮಿಗೇ ಹೋಗಿದ್ದಾರೆ. ಮೊದಲ ಇಡ್ಲಿ ಇಳಿಸಿಯೇ ಹೊರಟದ್ದು. ತಡವಾಗಿ ಬಂದದ್ದು ನನ್ನ ಮದುವೆಗೆ!"

೩. ವೀಸಾ ಮುಖ

ವೀಸಾದ ಫೋಟೋದಲ್ಲಿ ನಗಬಾರದು, ಹಲ್ಲು ಕಾಣಬಾರದು. ಭಟ್ಟರಿಗೆ ಇದೇನು ಕಷ್ಟ, ಇವರು ನಕ್ಕದ್ದನ್ನು ಯಾರೂ ನೋಡಿಯೇ ಇಲ್ಲವಲ್ಲ ಅಂತ ನಾನು ನಿಶ್ಚಿಂತೆಯಿಂದ ಅವರನ್ನೂ ಅವರ ಮಗಳನ್ನೂ ಕೆಳಗೆ ಚಪ್ಪಲಿ ಅಂಗಡಿಯ ಪಕ್ಕದ ಫೋಟೋ ಸ್ಟುಡಿಯೋಕ್ಕೆ ಕರೆದುಕೊಂಡು ಹೋದೆ.

ಫೋಟೋದವನು ಹೇಳಿದ್ದೇ ತಪ್ಪಾಯಿತು. "ಕಾಕಾ, ನಗಬೇಡಿ" ಅಂದ. ಅಷ್ಟೇ. ಜನ್ಮದಲ್ಲಿ ಯಾರೂ ಭಟ್ಟರಿಗೆ ಹೀಗೆ ಹೇಳಿರಲಿಲ್ಲವಂತೆ. ತುಟಿ ನಡುಗಿತು, ಗಲ್ಲ ಉಬ್ಬಿತು, ಭುಸ್ ಅಂತ ನಗು! ಎರಡನೆಯದು, ಮೂರನೆಯದು, ಆರನೆಯದು, ಎಲ್ಲ ಫೋಟೋದಲ್ಲೂ ಹಲ್ಲೇ ಹಲ್ಲು. ಮಗಳು ಕನ್ನಡ ತಿಳಿದರೂ ಮಾತಾಡುವುದು ಹಿಂದಿ. ಬೆರಗಾಗಿ ನನ್ನ ಕೈ ಹಿಡಿದು, "ಆಂಟಿ, ಪಪ್ಪಾ ಕೆ ದಾಂತ್ ತೋ ಮೈನೇ ಪೆಹಲೀ ಬಾರ್ ದೇಖೇ!" ಅಂದಳು. ಅಪ್ಪನ ಹಲ್ಲನ್ನು ಅವಳು ನೋಡಿದ್ದೇ ಅದು ಮೊದಲ ಸಲವಂತೆ.

ಅದನ್ನು ಕೇಳಿ ಭಟ್ಟರು ಇನ್ನಷ್ಟು ನಕ್ಕರು. ಸ್ಟೂಲಿನ ಮೇಲೆ ಕೂತಲ್ಲೇ ಕುಲುಕಾಡಿದರು. ಹೊರಗೆ ಗಿರಾಕಿಗಳು ಕಾಯುತ್ತಿದ್ದರು, ಫೋಟೋದವನ ಮುಖ ಕೆಂಪಾಗುತ್ತಿತ್ತು. ನಾನು ಅವರ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಅಂದೆ: "ಭಟ್ರ, ಹೋಟೆಲಿನಿಂದ ಫೋನ್ ಬಂದಿತ್ತರೀ. ನಾಳಿ ದೋಸಿ ಹಿಟ್ಟು ಪೂರಾ ಕೆಟ್ಟು ಹೋಗ್ಯದಂತ."

ಮುಖದಿಂದ ರಕ್ತ ಇಳಿದುಹೋಯಿತು. ಅಚ್ಚುಕಟ್ಟಾದ ವೀಸಾ ಮುಖ. ಕ್ಲಿಕ್!

ಫೋಟೋದವನು ಕ್ಯಾಮರಾ ಇಳಿಸಿ ಗಾಬರಿಯಿಂದ ನನ್ನನ್ನು ಕೇಳಿದ, "ತಾಯಿ, ಮನೆಯಲ್ಲಿ ಯಾರಾದರೂ ಹೋಗಿಬಿಟ್ಟರಾ?"

"ಇಲ್ಲಪ್ಪಾ," ಅಂದೆ. "ಹಿಟ್ಟು."

೪. ಹೊರಹಾಕಿದ್ದಾರಾ?

ಫಾರ್ಮಿನ ಕೊನೆಯ ಪುಟದಲ್ಲಿ ಪೊಲೀಸರು ಕೇಳಿದ ಹಾಗೆ ಕೆಲವು ಪ್ರಶ್ನೆ ಇರುತ್ತವೆ. ಜೈಲಿಗೆ ಹೋಗಿದ್ದೀರಾ, ಬಾಂಬು ಗೀಂಬು ಮಾಡಿದ್ದೀರಾ, ಇಂಥವು. ಎಲ್ಲರೂ "ಇಲ್ಲ, ಇಲ್ಲ" ಅಂತ ಹೇಳಿ ಮುಗಿಸುತ್ತಾರೆ. ನಾನೂ ಓದುತ್ತ ಟಿಕ್ ಹಾಕುತ್ತ ಹೋಗುತ್ತಿದ್ದೆ.

"ನಿಮ್ಮನ್ನ ಎಲ್ಲಿಂದಾದ್ರೂ ಹೊರಗ ಹಾಕ್ಯಾರೇನ್ರೀ?"

ಭಟ್ಟರು ತಲೆ ತಗ್ಗಿಸಿದರು. ನನ್ನ ಪೆನ್ನು ನಿಂತಿತು.

"ಹಾಕಿದ್ದಾರೆ," ಅಂದರು.

ನನಗೆ ಒಳಗೊಳಗೇ ಕುತೂಹಲ, ಮೇಲೆ ಭಯ. ಇಷ್ಟು ದೂರ ಬಂದ ಫೈಲು ಇಲ್ಲಿಗೇ ಮುಗಿಯಿತಾ? "ಯಾವ ದೇಶದಿಂದ್ರೀ?"

"ದೇಶ ಅಲ್ಲ ಅಕ್ಕ, ದೇವಸ್ಥಾನದ ಅಡಿಗೆಮನೆಯಿಂದ. ನನಗಾಗ ಹದಿನೆಂಟು. ನೈವೇದ್ಯಕ್ಕೆ ಮೊದಲು ಪಾಯಸದ ಸಿಹಿ ನೋಡಿಬಿಟ್ಟಿದ್ದೆ. ಹಿರಿಯರು ಕೈಹಿಡಿದು ಹೊರಗೆ ಬಿಟ್ಟರು. ಅಂದಿನಿಂದ ಇಂದಿನವರೆಗೆ ದೇವರಿಗೆ ಇಡುವ ಮೊದಲು ಏನನ್ನೂ ನಾಲಿಗೆಗೆ ಹಚ್ಚಲಿಲ್ಲ. ಹೋಟೆಲಿನಲ್ಲಿಯೂ ಅದೇ ಕ್ರಮ."

ಇದು ಜರ್ಮನಿಗೆ ಬೇಡದ ಸಂಗತಿ ಅಂತ ನಗುತ್ತ ಹೇಳಿ "ಇಲ್ಲ" ಅಂತ ಟಿಕ್ ಮಾಡಿದೆ. ಭಟ್ಟರಿಗೆ ಸಮಾಧಾನವಾಗಲಿಲ್ಲ. ಮೆಟ್ಟಿಲು ಇಳಿದವರು ಮತ್ತೆ ಹತ್ತಿ ಬಂದು ಬಾಗಿಲಲ್ಲಿ ನಿಂತು ಕೇಳಿದರು, "ಅಕ್ಕ, ಅವರಿಗೆ ಆಮೇಲೆ ಗೊತ್ತಾದರೆ?"

೫. ಎರಡು ಪಾತ್ರೆ

ಕೊನೆಗೂ ಆ ದಿನ ಬಂತು. ಭಾನುವಾರ ಮಧ್ಯಾಹ್ನ ಮೂರು ಗಂಟೆ, ಊಟ ಮುಗಿದು ಹೋಟೆಲ್ಲಿನ ಅಡಿಗೆಮನೆ ಖಾಲಿ. ಹಳಿ ರಿಪೇರಿ ಅಂತ ಟ್ರೇನು ನಿಲ್ಲಿಸಿದ್ದರಿಂದ ಬಾಸ್ ಬದಲಾಪುರದ ಮನೆಯಲ್ಲೇ ಉಳಿದರು. "ಮೇಡಂ, ಅವರು ಹೇಳಿದ್ದನ್ನು ಹೇಳಿದ ಹಾಗೆ ಇಂಗ್ಲಿಷಿನಲ್ಲಿ ಹೇಳಿ, ಸಾಕು" ಅಂತ ಫೋನಿನಲ್ಲಿ ಹತ್ತು ಸಲ ಹೇಳಿದರು. ಮಗಳು ಮೊಬೈಲು ಹಿಡಿದಿದ್ದಳು. ಭಟ್ಟರ ಹೆಂಡತಿ ಬಾಗಿಲಲ್ಲಿ ನಿಂತು ಸೆರಗಿನ ತುದಿ ಹಿಂಡುತ್ತಿದ್ದರು. ಮೊಬೈಲಿನೊಳಗೆ ಬಿಳಿ ಟೊಪ್ಪಿಗೆಯ ಜರ್ಮನ್ ಶೆಫ್.

ದೋಸೆ ಹುಯ್ದದ್ದೇ ಶೆಫ್ ಖುಷಿಯಾದರು. ಸಾಂಬಾರು ಕುದಿಯಿತು. "ಈಗ ರುಚಿ ನೋಡಿ ಉಪ್ಪು ಸರಿ ಇದೆಯಾ ಹೇಳಲಿ," ಅಂದರು ಶೆಫ್.

ನಾನು ಕನ್ನಡದಲ್ಲಿ ಹೇಳಿದೆ. ಭಟ್ಟರು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು. "ಆಗುವುದಿಲ್ಲ ಅಕ್ಕ. ಮೊದಲ ಸೌಟು ದೇವರಿಗೆ."

"ಹಂಗಾರ ಈಗ ದೇವರಿಗೆ ಇಟ್ಟುಬಿಡ್ರಿ, ಆಮ್ಯಾಲ ನೋಡ್ರಿ!"

"ಇಟ್ಟ ಮೇಲೆ ನೋಡಿ ಎಂಥ ಪ್ರಯೋಜನ? ಉಪ್ಪು ಕಡಿಮೆ ಅಂತಾದರೆ ದೇವರಿಗೆ ಉಪ್ಪಿಲ್ಲದ್ದು ಇಟ್ಟ ಹಾಗಾಯಿತಲ್ಲ?"

ಇದನ್ನು ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಶೆಫ್ ಮುಖ ಗಂಟಾಯಿತು. "ನನ್ನ ಅಡಿಗೆಮನೆಯಲ್ಲಿ ಪ್ರತಿಯೊಬ್ಬರೂ ರುಚಿ ನೋಡುತ್ತಾರೆ. ರುಚಿಯೇ ನೋಡದವರನ್ನು ನಾನು ಹೇಗೆ ನಂಬಲಿ?"

"ಭಟ್ರ, ಒಂದ ಹನಿ! ಮಗಳ ಮಾರಿ ನೋಡ್ರಿ, ನಿಮ್ಮ ದಮ್ಮಯ್ಯ," ಅಂದೆ. ಭಟ್ಟರ ಕಣ್ಣು ತುಂಬಿತ್ತು, ಆದರೆ ಕೈ ಮುಂದೆ ಬರಲಿಲ್ಲ. "ಈ ಕೆಲಸ ಹೋದರೆ ಇನ್ನೊಂದು ಹುಡುಕಬಹುದು ಅಕ್ಕ. ಈ ಕ್ರಮ ತಪ್ಪಿದರೆ ನನ್ನ ಕೈ ಮತ್ತೆ ಒಲೆಗೆ ಹೋಗುವುದಿಲ್ಲ."

ಅದನ್ನೂ ಹೇಳಿದ ಹಾಗೆ ಹೇಳಿದೆ. ಶೆಫ್, "ಮತ್ತೆ ಉಪ್ಪು ಸರಿ ಇದೆ ಅಂತ ಇವರಿಗೆ ಹೇಗೆ ಗೊತ್ತಾಗುತ್ತದೆ?" ಅಂದರು. ಭಟ್ಟರ ಉತ್ತರ ಒಂದೇ: "ಗೊತ್ತಾಗ್ತದೆ."

"ಹೌದಾ? ನೋಡೇಬಿಡೋಣ," ಅಂದರು ಶೆಫ್. ಭಟ್ಟರನ್ನು ಹೊರಗೆ ಕಳಿಸಲು ಹೇಳಿದರು. ಸಾಂಬಾರನ್ನು ಒಂದೇ ಥರದ ಎರಡು ಪಾತ್ರೆಗೆ ಹಂಚಿ, ಒಂದಕ್ಕೆ ಮಾತ್ರ ನಾನು ಎರಡು ದೊಡ್ಡ ಚಮಚ ಉಪ್ಪು ಸುರಿಯಬೇಕು. ಯಾವುದಕ್ಕೆ ಅಂತ ಭಟ್ಟರು ಹೇಳಬೇಕು. ಹೇಳಿದರೆ ನೌಕರಿ.

ದೇವರೇ! ಅಂಥ ಸಾಂಬಾರಿಗೆ ಕಣ್ಣು ಮುಚ್ಚಿಕೊಂಡು ಉಪ್ಪು ಸುರಿದೆ. ಕದಡಿದೆ, ಎರಡಕ್ಕೂ ಮುಚ್ಚಳ ಹಾಕಿದೆ, ಭಟ್ಟರನ್ನು ಒಳಗೆ ಕರೆದೆ. ಸಂಗತಿ ಹೇಳಿದೆ. ಅವರು ಎಡಗಡೆಯ ಮುಚ್ಚಳ ತೆಗೆದು ಮುಚ್ಚಿದರು. ಬಲಗಡೆಯದಕ್ಕೆ ಕೈ ಹಾಕಿದರು, ತಲೆ ಎತ್ತಿದರು, ಕೈ ಹಿಂದಕ್ಕೆ ತೆಗೆದುಕೊಂಡರು.

"ಇದು ಹಾಳಾಯಿತು. ಇದನ್ನು ಯಾರಿಗೂ ಬಡಿಸಬೇಡಿ."

ಸರಿಯಾಗಿತ್ತು! ಮುಚ್ಚಳ ಕೂಡ ತೆಗೆದಿರಲಿಲ್ಲ! ಶೆಫ್ ಕುರ್ಚಿಯಿಂದ ಎದ್ದು ನಿಂತುಬಿಟ್ಟರು. "ನಾಳೆಯೇ ಕಾಂಟ್ರಾಕ್ಟು ಕಳಿಸುತ್ತೇನೆ, ವೀಸಾಕ್ಕೆ ಹಾಕಿ" ಅಂದರು. ಮಗಳು "ಪಪ್ಪಾ!" ಅಂತ ಕಿರುಚಿ ಅಪ್ಪನನ್ನು ತಬ್ಬಿಕೊಂಡಳು, ಕೈಯಲ್ಲಿದ್ದ ಮೊಬೈಲು ಮೇಲಕ್ಕೆ ತಿರುಗಿ ಪಾಪ ಶೆಫ್ ಸ್ವಲ್ಪ ಹೊತ್ತು ಠಾಕುರ್ಲಿಯ ಹೊಗೆ ಹಿಡಿದ ಸೂರನ್ನೇ ನೋಡಬೇಕಾಯಿತು. ಭಟ್ಟರ ಹೆಂಡತಿ ಈರುಳ್ಳಿ ಮೂಟೆಯ ಮೇಲೆ ಕೂತು ಗೊಳೋ ಅಂತ ಅತ್ತರು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ.

ಮೊಬೈಲು ಮತ್ತೆ ನೆಟ್ಟಗಾದಾಗ ಶೆಫ್ ಕೈಯಲ್ಲಿ ಪೆನ್ನು, ಡೈರಿ. "ಒಂದು ಮಾತು. ಮೂವತ್ತು ವರ್ಷದಿಂದ ಅಡಿಗೆ ಮಾಡುತ್ತಿದ್ದೇನೆ, ನನಗೆ ಇದು ಸಾಧ್ಯವಿಲ್ಲ. ವಾಸನೆಯಾ? ಹಬೆಯಾ? ದಯವಿಟ್ಟು ಕೇಳಿ, ನಾನು ಬರೆದುಕೊಳ್ಳಬೇಕು."

ನನಗೂ ಅದೇ ಬೇಕಾಗಿತ್ತು. ಕೇಳಿದೆ. ಭಟ್ಟರು ಸಂಕೋಚದಿಂದ ಮುದುಡಿದರು.

"ಉಪ್ಪಿಗೆ ಎಂಥ ವಾಸನೆ ಅಕ್ಕ? ನಾನು ಪಾತ್ರೆ ನೋಡಲೇ ಇಲ್ಲ, ನಿಮ್ಮನ್ನು ನೋಡಿದ್ದು. ಆಚೆಯ ಮುಚ್ಚಳ ತೆಗೆದೆ, ನೀವು ಆರಾಮ ನಿಂತಿದ್ದಿರಿ. ಈಚೆಯದಕ್ಕೆ ಕೈ ಹಾಕಿದೆನೋ ಇಲ್ಲವೋ, ನಿಮ್ಮ ಮುಖ ಹಾಲು ಕದ್ದು ಕುಡಿದ ಬೆಕ್ಕಿನ ಹಾಗೆ ಆಯಿತು."

ಮೊಬೈಲಿನೊಳಗೆ ಶೆಫ್ ಪೆನ್ನು ಹಿಡಿದು ಕಾಯುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡೆ.

"ಎಕ್ಸ್‌ಪೀರಿಯನ್ಸ್, ಸರ್," ಅಂದೆ.

ಶೆಫ್ ಗಂಭೀರವಾಗಿ ತಲೆಯಾಡಿಸಿ ಬರೆದುಕೊಂಡರು. ಭಟ್ಟರಿಗೆ ಅನುಮಾನ ಬಂತು. "ಅಲ್ಲ ಅಕ್ಕ, ನಾನು ಅಷ್ಟು ಉದ್ದ ಹೇಳಿದೆ. ನೀವು ಹೇಳಿದ್ದು ಇಷ್ಟೇಯಾ?"

"ಇಂಗ್ಲೀಷಿನ್ಯಾಗ ಹಂಗ ರೀ ಭಟ್ರ," ಅಂದೆ. "ಬೆಕ್ಕು, ಹಾಲು, ನನ್ನ ಮಾರಿ, ಎಲ್ಲಾದಕ್ಕೂ ಕೂಡಿ ಒಂದ ಶಬ್ದ ಅದ."